ಹಳೇ ಡೆಸ್ಕ್‌ಟಾಪ್‌ನ ಅಪ್‌ಗ್ರೇಡ್ ಮಾಡೋದಾ, ಹೊಸದೇ ತಗೊಳೋದಾ? ಪದೇ ಪದೇ ಕೇಳೋ ಪ್ರಶ್ನೆಗಳು

ಕಂಪ್ಯೂಟರ್ ಬಗ್ಗೆ ಸ್ವಲ್ಪ ಗೊತ್ತು ಅಂತ ಒಂದ್ಸಲ ಹೆಸರು ಬಂದ್ಬಿಟ್ರೆ ಮುಗೀತು, ನೆಂಟರು, ಫ್ರೆಂಡ್ಸು, ಫ್ರೆಂಡ್ಸ್‌ನ ಫ್ರೆಂಡ್ಸು ಎಲ್ರೂ ಇದೇ ಪ್ರಶ್ನೆ ಹಿಡ್ಕೊಂಡು ಬರ್ತಾರೆ. ಪ್ರತಿ ಸಲ ಫೋನಲ್ಲಿ ಅರ್ಧ ಗಂಟೆ ಹೇಳೋ ಬದ್ಲು ಒಂದ್ಕಡೆ ಬರ್ದಿಟ್ಬಿಟ್ಟಿದೀನಿ. ಲ್ಯಾಪ್‌ಟಾಪ್ ವಿಷಯ ಇಲ್ಲಿಲ್ಲ, ಅದರ ಕತೆಯೇ ಬೇರೆ.

ನನ್ ಪಿಸಿ ತುಂಬಾ ಸ್ಲೋ ಆಗಿದೆ, ಹೊಸದು ತಗೋಬೇಕಾ?

ಏನು ಸ್ಲೋ ಅಂತ ಮೊದ್ಲು ಹೇಳಿ. ಆನ್ ಆಗೋಕೆ ಐದು ನಿಮಿಷ ತಗೊಳುತ್ತಾ, ಬ್ರೌಸರಲ್ಲಿ ಹತ್ತು ಟ್ಯಾಬ್ ಓಪನ್ ಮಾಡಿದ್ರೆ ಒದ್ದಾಡುತ್ತಾ, ಗೇಮ್ ಆಡುವಾಗ ತಡವರಿಸುತ್ತಾ, ವಿಡಿಯೋ ಎಕ್ಸ್‌ಪೋರ್ಟ್ ಹಾಕಿ ಮಲಗಿ ಎದ್ರೂ ಮುಗಿದಿರಲ್ವಾ? ಈ ನಾಲ್ಕಕ್ಕೂ ಕಾರಣ ಬೇರೆ, ಖರ್ಚೂ ಬೇರೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರುತ್ತೆ, ಅದ್ರಲ್ಲಿ ಪರ್ಫಾರ್ಮೆನ್ಸ್ ಟ್ಯಾಬ್‌ಗೆ ಹೋಗಿ. ಆಮೇಲೆ ನಿಮಗೆ ಯಾವ ಕೆಲಸದಲ್ಲಿ ಸಿಟ್ಟು ಬರುತ್ತೋ ಅದನ್ನೇ ಮಾಡಿ ನೋಡಿ. ಡಿಸ್ಕ್ 100% ಮುಟ್ಟಿ ಅಲ್ಲೇ ನಿಂತಿದ್ರೆ ಹಾರ್ಡ್ ಡಿಸ್ಕ್ ಪ್ರಾಬ್ಲಂ. ಮೆಮೊರಿ 90% ದಾಟಿದ್ರೆ ರ‍್ಯಾಮ್ (ಓಡ್ತಿರೋ ಪ್ರೋಗ್ರಾಂಗಳು ಕೂರೋ ಮೆಮೊರಿ) ಸಾಲ್ತಾ ಇಲ್ಲ. ಎರಡೂ ಆರಾಮಾಗಿದ್ದು ಸಿಪಿಯು (ಪ್ರೊಸೆಸರ್) ಒಂದೇ 100% ಇದ್ರೆ ಆಗ ಮಾತ್ರ ನಿಜವಾಗ್ಲೂ ಯೋಚನೆ ಮಾಡ್ಬೇಕಾದ ವಿಷಯ. ಈ ಐದು ನಿಮಿಷದ ಕೆಲಸ ಮಾಡ್ದೆ ಅಂಗಡಿಗೆ ಓಡೋರೇ ಜಾಸ್ತಿ.

ಇನ್ನೂ ಹಾರ್ಡ್ ಡಿಸ್ಕೇ ಇದೆ. ಎಸ್‌ಎಸ್‌ಡಿ ಹಾಕಿದ್ರೆ ನಿಜವಾಗ್ಲೂ ಅಷ್ಟು ವ್ಯತ್ಯಾಸ ಆಗುತ್ತಾ?

ಆಗುತ್ತೆ. ಎಸ್‌ಎಸ್‌ಡಿ ಅಂದ್ರೆ ಚಿಪ್‌ನಲ್ಲೇ ಡೇಟಾ ಇಡೋ ಡ್ರೈವ್. ಇದೊಂದ್ರ ಬಗ್ಗೆ ನಂಗೆ ಎರಡನೇ ಮಾತಿಲ್ಲ.

ಯಾಕೆ ಅಂತ ಹೇಳ್ತೀನಿ ಕೇಳಿ. ಮಾಮೂಲಿ ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ನಿಮಿಷಕ್ಕೆ 7200 ಸುತ್ತು ಸುತ್ತುತ್ತೆ, ಅಂದ್ರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಡೇಟಾ ಇರೋ ಜಾಗಕ್ಕೆ ಓದೋ ಹೆಡ್ ಹೋಗ್ಬೇಕು, ಆಮೇಲೆ ಆ ಜಾಗ ಸುತ್ಕೊಂಡು ಹೆಡ್ ಕೆಳಗೆ ಬರೋ ತನಕ ಕಾಯ್ಬೇಕು, ಎಲ್ಲಾ ಸೇರಿ ಸರಾಸರಿ 12-13 ಮಿಲಿಸೆಕೆಂಡ್ ಆಗುತ್ತೆ. ಲೆಕ್ಕ ಹಾಕಿ, ಚಿಲ್ಲರೆ ಚಿಲ್ಲರೆ ಫೈಲ್ ಓದೋಕೆ ಸೆಕೆಂಡಿಗೆ ಸುಮಾರು 80 ಸಲ ಮಾತ್ರ ಆಗುತ್ತೆ. ವಿಂಡೋಸ್ ಸ್ಟಾರ್ಟ್ ಆಗುವಾಗ ಓದೋದೆಲ್ಲಾ ಇಂಥ ಚಿಲ್ಲರೆ ಫೈಲೇ, ಸಾವಿರಗಟ್ಲೆ. ಎಸ್‌ಎಸ್‌ಡಿಯಲ್ಲಿ ಸುತ್ತೋದು ಏನೂ ಇಲ್ಲ, ಅದೇ ಕೆಲಸಾನ ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತೆ. ಬಾಕ್ಸ್ ಮೇಲೆ ದೊಡ್ಡದಾಗಿ ಬರೆದಿರೋ 550 ಎಂಬಿ ಸ್ಪೀಡ್‌ಗಿಂತ ಇದೇ ಮುಖ್ಯ.

ಮದರ್‌ಬೋರ್ಡ್ (ಎಲ್ಲಾ ಪಾರ್ಟ್ ಕೂರೋ ಮುಖ್ಯ ಬೋರ್ಡ್, ಮುಂದೆ ಬರೀ ಬೋರ್ಡ್ ಅಂತೀನಿ) ತುಂಬಾ ಹಳೇದು, ಸಾಟಾ 2 ಪೋರ್ಟ್ (ಡಿಸ್ಕ್ ಚುಚ್ಚೋ ಹಳೇ ಥರದ ಜಾಗ) ಇರೋದು ಅಂದ್ರೂ ಪರ್ವಾಗಿಲ್ಲ ಹಾಕಿ. ಟಾಪ್ ಸ್ಪೀಡ್ ಅರ್ಧಕ್ಕೆ ಇಳಿಯುತ್ತೆ, ಆದ್ರೆ ಕಾಯೋ ಕಾಟ ಹೋಗುತ್ತೆ. ಇನ್ನೊಂದು, ನಾಳೆ ಪಿಸಿ ಬದಲಾಯಿಸಿದ್ರೂ ಎಸ್‌ಎಸ್‌ಡಿ ಬಿಚ್ಕೊಂಡು ಹೋಗ್ಬೋದು, ದುಡ್ಡು ಎಲ್ಲೂ ಹೋಗಲ್ಲ. ಸ್ಕ್ರೂ ಹಾಕೋಕೆ ಸರಿಯಾದ ಜಾಗ ಇಲ್ವಾ? ಡಬಲ್ ಸೈಡ್ ಟೇಪ್ ಹಾಕಿ ಕ್ಯಾಬಿನೆಟ್ ಗೋಡೆಗೆ ಅಂಟಿಸಿ. ನಂದೊಂದು ಆರು ವರ್ಷದಿಂದ ಹಂಗೇ ಅಂಟ್ಕೊಂಡಿದೆ.

ಕ್ಲೋನ್ ಮಾಡ್ಲಾ, ಫ್ರೆಶ್ ಇನ್‌ಸ್ಟಾಲ್ ಮಾಡ್ಲಾ?

ಕ್ಲೋನ್ ಅಂದ್ರೆ ಹಳೇ ಡಿಸ್ಕಲ್ಲಿರೋದನ್ನ ಇದ್ದ ಹಾಗೇ ಹೊಸದಕ್ಕೆ ಕಾಪಿ ಮಾಡೋದು, ಫ್ರೆಶ್ ಅಂದ್ರೆ ವಿಂಡೋಸ್ ಹೊಸದಾಗಿ ಹಾಕೋದು. ಟೈಮ್ ಇದ್ರೆ ಫ್ರೆಶ್. ಎಂಟು ವರ್ಷದ ಕಸಾನ ಹೊಸ ಮನೆಗೆ ಯಾಕೆ ಹೊತ್ಕೊಂಡು ಹೋಗ್ತೀರಾ. ಕ್ಲೋನೇ ಮಾಡ್ತೀನಿ ಅಂದ್ರೆ ಮುಗಿದ ಮೇಲೆ ಮೊದಲ ಸಲ ಆನ್ ಮಾಡುವಾಗ ಹಳೇ ಡಿಸ್ಕ್‌ನ ಕೇಬಲ್ ಕಿತ್ತಿಡಿ. ಇಲ್ದಿದ್ರೆ ಅದು ಹಳೇ ಡಿಸ್ಕ್‌ನಿಂದ್ಲೇ ಬೂಟ್ ಆಗ್ತಾ ಇರುತ್ತೆ, ನೀವು "ಎಸ್‌ಎಸ್‌ಡಿ ಹಾಕಿದ್ರೂ ಏನೂ ಫರಕ್ ಇಲ್ಲ" ಅಂತ ಬೈಕೊಂಡು ಕೂತಿರ್ತೀರಾ. ಇದನ್ನ ಕಣ್ಣಾರೆ ನೋಡಿದೀನಿ, ಎರಡು ಸಲ.

ಎನ್‌ವಿಎಂಇ ಹಾಕ್ಬೋದಾ?

ಎನ್‌ವಿಎಂಇ ಅಂದ್ರೆ ಸಾಟಾಗಿಂತ ಸ್ಪೀಡಿನ ಎಸ್‌ಎಸ್‌ಡಿ. ಬೋರ್ಡಲ್ಲಿ ಅದು ಕೂರೋ ಎಂ.2 ಸ್ಲಾಟ್ ಇದ್ರೆ ಮ್ಯಾನ್ಯುಯಲ್ ನೋಡಿ, ಕೆಲವು ಹಳೇ ಬೋರ್ಡಲ್ಲಿ ಆ ಸ್ಲಾಟ್ ಸಾಟಾ ಎಸ್‌ಎಸ್‌ಡಿಗೆ ಮಾತ್ರ ಇರುತ್ತೆ. ಸ್ಲಾಟೇ ಇಲ್ಲ ಅಂದ್ರೆ ಪಿಸಿಐಇ (ಗ್ರಾಫಿಕ್ಸ್ ಕಾರ್ಡ್ ಥರದ್ದು ಹಾಕೋ ಸ್ಲಾಟ್) ಅಡಾಪ್ಟರ್ ಸಿಗುತ್ತೆ, ಆದ್ರೆ ಬಯಾಸ್‌ಗೆ (ಆನ್ ಮಾಡಿದ ತಕ್ಷಣ ಓಡೋ ಬೋರ್ಡ್‌ನದೇ ಸಾಫ್ಟ್‌ವೇರ್) ಗೊತ್ತಿಲ್ದಿದ್ರೆ ಅದ್ರಿಂದ ಬೂಟ್ ಆಗಲ್ಲ, ಡೇಟಾ ಇಡೋಕೆ ಮಾತ್ರ ಆಗುತ್ತೆ. ದಿನನಿತ್ಯದ ಕೆಲಸಕ್ಕೆ ಸಾಟಾ ಎಸ್‌ಎಸ್‌ಡಿಗೂ ಎನ್‌ವಿಎಂಇಗೂ ಕೈಗೆ ಗೊತ್ತಾಗೋ ವ್ಯತ್ಯಾಸ ಕಮ್ಮಿ. ಹಳೇ ಬೋರ್ಡ್‌ಗೆ ಇದಕ್ಕಾಗಿ ತಲೆ ಕೆಡಿಸ್ಕೋಬೇಡಿ.

ರ‍್ಯಾಮ್ ಎಷ್ಟು ಬೇಕು?

4 ಜಿಬಿ ಇದ್ರೆ ಇವತ್ತಿನ ಬ್ರೌಸರ್ ಒಂದೇ ಅದನ್ನ ತಿಂದು ಹಾಕುತ್ತೆ. 8 ಅಂದ್ರೆ ನಡೆಯುತ್ತೆ, 16 ಅಂದ್ರೆ ಆರಾಮ, ವಿಡಿಯೋ ಎಡಿಟಿಂಗ್ ಅಥವಾ ವರ್ಚುವಲ್ ಮಷಿನ್ (ಪಿಸಿ ಒಳಗೇ ಇನ್ನೊಂದು ಪಿಸಿ ಓಡಿಸೋದು) ಅಂತ ಇದ್ರೆ 32.

ತಗೊಳೋ ಮುಂಚೆ ಸಿಪಿಯು-ಝಡ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿ ನಿಮ್ದು ಡಿಡಿಆರ್3ನಾ, 4ಆ, 5ಆ (ರ‍್ಯಾಮ್‌ನ ತಲೆಮಾರುಗಳು) ನೋಡಿ. ಒಂದ್ರ ಸ್ಲಾಟಿಗೆ ಇನ್ನೊಂದು ಕೂರಲ್ಲ, ಮಧ್ಯದ ಕಚ್ಚಿನ ಜಾಗಾನೇ ಬೇರೆ. ಕೂರ್ತಿಲ್ಲ ಅಂತ ಒತ್ಬೇಡಿ. ಬೋರ್ಡ್‌ಗೂ ಒಂದು ಮಿತಿ ಇರುತ್ತೆ, ಎಚ್61 ಥರದ ಹಳೇ ಚಿಪ್‌ಸೆಟ್‌ಗಳಲ್ಲಿ (ಬೋರ್ಡ್‌ನ ಮುಖ್ಯ ಚಿಪ್) ಎರಡೇ ಸ್ಲಾಟು, 16 ಜಿಬಿಗೆ ಫುಲ್‌ಸ್ಟಾಪ್.

ಒಂದೇ ಸ್ಟಿಕ್ ಇದ್ರೆ ಅದೇ ಸೈಜಿನ ಇನ್ನೊಂದು ಹಾಕಿ, ಡ್ಯೂಯಲ್ ಚಾನೆಲ್ ಆಗುತ್ತೆ, ಅಂದ್ರೆ ಎರಡೂ ಒಟ್ಟಿಗೆ ಕೆಲಸ ಮಾಡ್ತವೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ದೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸಲ್ಲೇ ಗೇಮ್ ಆಡೋರಿಗೆ ಇದ್ರಿಂದ ಚೆನ್ನಾಗೇ ಲಾಭ. ಮತ್ತೆ 3200 ಸ್ಪೀಡಿನ ರ‍್ಯಾಮ್ ತಂದು ಹಾಕಿ ವರ್ಷಗಟ್ಲೆ 2133ರಲ್ಲಿ ಓಡಿಸ್ತಾ ಇರೋ ಜನ ಇದಾರೆ, ಬಯಾಸಲ್ಲಿ ಎಕ್ಸ್‌ಎಂಪಿ (ರ‍್ಯಾಮ್‌ನ ಪೂರ್ತಿ ಸ್ಪೀಡಲ್ಲಿ ಓಡಿಸೋ ಸೆಟ್ಟಿಂಗ್) ಆನ್ ಮಾಡ್ಬೇಕು ಅಂತ ಯಾರೂ ಹೇಳಿರಲ್ಲ ಪಾಪ.

ಬರೀ ಪ್ರೊಸೆಸರ್ ಬದಲಾಯಿಸ್ಬೋದಾ?

ಇಲ್ಲಿ ಎಲ್ಲಾ ನಿಂತಿರೋದು ಸಾಕೆಟ್, ಅಂದ್ರೆ ಬೋರ್ಡಲ್ಲಿ ಪ್ರೊಸೆಸರ್ ಕೂರೋ ಜಾಗದ ಮೇಲೆ.

ಎಎಂಡಿ ಕಂಪನಿಯ ಎಎಂ4 ಸಾಕೆಟ್ ಬೋರ್ಡ್ ಇದ್ರೆ ನೀವು ಅದೃಷ್ಟವಂತರು. 2017ರಲ್ಲಿ ರೈಜೆನ್ 1600 ಹಾಕ್ಕೊಂಡು ತಂದ ಎಷ್ಟೋ ಬೋರ್ಡ್‌ಗಳಿಗೆ ಇವತ್ತು ರೈಜೆನ್ 5600 ಅಥವಾ 5800ಎಕ್ಸ್3ಡಿ ಕೂರಿಸ್ಬೋದು. ಮೊದ್ಲು ಹಳೇ 300 ಸೀರೀಸ್ ಬೋರ್ಡ್‌ಗಳಿಗೆ ಆಗಲ್ಲ ಅಂದಿದ್ರು, 2022ರಲ್ಲಿ ಅದಕ್ಕೂ ದಾರಿ ಬಿಟ್ರು. ಕಂಪನಿಯ ಸೈಟಲ್ಲಿ ನಿಮ್ಮ ಬೋರ್ಡ್‌ನ ಸಿಪಿಯು ಸಪೋರ್ಟ್ ಲಿಸ್ಟ್ ನೋಡಿ, ಹಳೇ ಪ್ರೊಸೆಸರ್ ಇನ್ನೂ ಕೂತಿರುವಾಗ್ಲೇ ಬಯಾಸ್ ಅಪ್‌ಡೇಟ್ ಮಾಡಿ, ಆಮೇಲೆ ಬಿಚ್ಚಿ. ಉಲ್ಟಾ ಮಾಡಿದ್ರೆ ಸ್ಕ್ರೀನ್ ಕಪ್ಪಾಗಿ ಕೂರುತ್ತೆ. ಅಪ್‌ಡೇಟ್ ನಡುವೆ ಕರೆಂಟ್ ಹೋದ್ರೆ ಬೋರ್ಡೇ ಹೋಗೋ ಚಾನ್ಸ್ ಇದೆ, ಯುಪಿಎಸ್ ಇಲ್ದೆ ಕೈ ಹಾಕ್ಬೇಡಿ.

ಇಂಟೆಲ್ ಕಡೆ ಅಷ್ಟು ಉದಾರತೆ ಇಲ್ಲ. 2 ಮತ್ತು 3ನೇ ಜನರೇಷನ್ ಒಂದು ಸಾಕೆಟ್, 4ನೇದು ಬೇರೆ, 10 ಮತ್ತು 11 ಒಂದು, 12ರಿಂದ 14 ಇನ್ನೊಂದು. ಎಲ್ಲಕ್ಕಿಂತ ಕಿರಿಕಿರಿ ಅಂದ್ರೆ 6, 7, 8, 9 ನಾಲ್ಕಕ್ಕೂ ಸಾಕೆಟ್ ಹೆಸರು ಎಲ್‌ಜಿಎ 1151 ಅಂತಾನೇ, ನೋಡೋಕೂ ಒಂದೇ ಥರ, ಆದ್ರೆ 6-7ರ ಬೋರ್ಡಿಗೆ 8-9ರ ಪ್ರೊಸೆಸರ್ ಹಾಕಿದ್ರೆ ಓಡಲ್ಲ. ಹೆಸರು ನೋಡಿ ಸೆಕೆಂಡ್ ಹ್ಯಾಂಡ್ ಚಿಪ್ ತಗೊಂಡು ಕೈ ಸುಟ್ಕೊಂಡೋರು ಬೇಕಾದಷ್ಟು.

3ನೇ 4ನೇ ಜನರೇಷನ್ ಐ5 ತೆಗೆದು ಅದೇ ಕಾಲದ ಐ7 ಹಾಕ್ಲಾ ಅಂತ ಕೇಳ್ತಾರೆ. ಪುಕ್ಕಟೆ ಸಿಕ್ರೆ ಹಾಕಿ. ದುಡ್ಡು ಕೊಟ್ಟು ಬೇಡ.

ವಿಂಡೋಸ್ 10 ಸಪೋರ್ಟ್ ನಿಂತೋಯ್ತಂತೆ, ನನ್ ಪಿಸಿ ವಿಂಡೋಸ್ 11ಗೆ ಆಗಲ್ಲ ಅಂತಿದೆ. ಬಿಸಾಕ್ಬೇಕಾ?

ತಡೀರಿ ತಡೀರಿ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು ನಿಜ. ಮನೆ ಬಳಕೆದಾರರು ಇಎಸ್‌ಯು ಅನ್ನೋ ಸ್ಕೀಮ್‌ಗೆ ಸೇರ್ಕೊಂಡ್ರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತೆ.

ಈಗ "ಆಗಲ್ಲ" ಅನ್ನೋದು ಯಾವ ಕಾರಣಕ್ಕೆ ಅಂತ ನೋಡಿ. ಟಿಪಿಎಂ 2.0 (ಸೆಕ್ಯುರಿಟಿಗಿರೋ ಚಿಪ್) ಇಲ್ಲ ಅಂತ ತೋರಿಸ್ತಾ ಇದ್ರೆ ಅದು ಒಳಗಿದ್ದು ಆಫ್ ಆಗಿರೋ ಸಾಧ್ಯತೆ ಜಾಸ್ತಿ. ಬಯಾಸ್‌ಗೆ ಹೋಗಿ ಇಂಟೆಲ್ ಆದ್ರೆ ಪಿಟಿಟಿ, ಎಎಂಡಿ ಆದ್ರೆ ಎಫ್‌ಟಿಪಿಎಂ ಅಂತ ಹುಡುಕಿ ಆನ್ ಮಾಡಿ. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕೋ ಬೀಗ) ಹಾಕಿದ್ರೆ ಇದಕ್ಕೆ ಮುಂಚೆ ರಿಕವರಿ ಕೀ ಬರ್ದಿಟ್ಕೊಳಿ, ಮರೀಬೇಡಿ, ನಿಮ್ ಡೇಟಾ ನಿಮಗೇ ಬಾಗಿಲು ಹಾಕ್ಬಿಡುತ್ತೆ. ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಸ್ಟಾರ್ಟ್ ಆಗೋಕೆ ಬಿಡೋದು) ಆಗಲ್ಲ ಅಂತಿದ್ರೆ ಡಿಸ್ಕ್ ಹಳೇ ಎಂಬಿಆರ್ ಫಾರ್ಮ್ಯಾಟಲ್ಲಿರ್ಬೋದು, ವಿಂಡೋಸ್ ಜೊತೆಗೇ ಬರೋ ಎಂಬಿಆರ್2ಜಿಪಿಟಿ ಟೂಲ್ ಅದನ್ನ ಡೇಟಾ ಅಳಿಸದೇ ಬದಲಾಯಿಸುತ್ತೆ, ಆದ್ರೂ ಬ್ಯಾಕಪ್ ತಗೊಳಿ.

ಪ್ರೊಸೆಸರೇ ಲಿಸ್ಟಲ್ಲಿಲ್ಲ ಅಂದ್ರೆ ಅದು ಬೇರೆ ಮಾತು. ಸುಮಾರಾಗಿ ಹೇಳೋದಾದ್ರೆ ಇಂಟೆಲ್ 8ನೇ ಜನರೇಷನ್‌ನಿಂದ ಮೇಲೆ, ಎಎಂಡಿ ರೈಜೆನ್ 2000ದಿಂದ ಮೇಲೆ. ಇದ್ರಲ್ಲೂ ತಿರುವು ಇದೆ, ರೈಜೆನ್ 2200ಜಿ, 2400ಜಿ ಹೆಸರಲ್ಲಿ 2000 ಇದ್ರೂ ಒಳಗಿರೋದು ಹಿಂದಿನ ತಲೆಮಾರಿನ ಡಿಸೈನ್, ಲಿಸ್ಟಲ್ಲಿ ಇಲ್ಲ. ಬೈಪಾಸ್ ಮಾಡಿ ಹಾಕೋ ದಾರಿಗಳಿವೆ, ಹಾಕೋರೂ ಇದಾರೆ. ಬ್ಯಾಂಕ್ ಕೆಲಸ, ಆಫೀಸ್ ಕೆಲಸ ಮಾಡೋ ಮಷಿನಿಗೆ ನಾನು ಹೇಳಲ್ಲ, ಮುಂದೆ ಯಾವ ಅಪ್‌ಡೇಟ್ ಬರುತ್ತೋ ಯಾವುದು ಬರಲ್ವೋ ಅಂತ ಕಾಯೋ ಪಾಡು ಯಾಕೆ.

ಬ್ರೌಸಿಂಗ್, ಮೇಲ್, ಸಿನಿಮಾ ನೋಡೋದು ಇಷ್ಟೇ ಅಂದ್ರೆ ಲಿನಕ್ಸ್ ಮಿಂಟ್ (ವಿಂಡೋಸ್ ಬದ್ಲು ಹಾಕೋ ಫ್ರೀ ಆಪರೇಟಿಂಗ್ ಸಿಸ್ಟಮ್) ಪೆನ್‌ಡ್ರೈವ್‌ಗೆ ಹಾಕ್ಕೊಂಡು ಇನ್‌ಸ್ಟಾಲ್ ಮಾಡ್ದೆ ಲೈವ್ ಆಗಿ ಓಡಿಸಿ ನೋಡಿ. ಪ್ರಿಂಟರ್, ಸ್ಕ್ಯಾನರ್, ವೈಫೈ ಮೂರೂ ಅಲ್ಲಿ ಕೆಲಸ ಮಾಡಿದ್ರೆ ನಿಮ್ಮ ಪಿಸಿಗೆ ಇನ್ನೂ ಕೆಲವು ವರ್ಷ ಆಯಸ್ಸಿದೆ.

ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಗೇಮ್ ಸರಿಯಾಗ್ ಓಡುತ್ತಾ?

ಓಡ್ಬೋದು, ಮೂಗಿಗಿಂತ ಮೂಗುತಿ ಭಾರ ಆಗ್ಬಾರ್ದು ಅಷ್ಟೇ. ಹತ್ತು ವರ್ಷದ ನಾಲ್ಕು ಕೋರ್ ಪ್ರೊಸೆಸರ್ ಪಕ್ಕ ಈಗಿನ ದುಬಾರಿ ಕಾರ್ಡ್ ತಂದಿಟ್ರೆ ಕಾರ್ಡ್ ಅರ್ಧ ಹೊತ್ತು ಕೈ ಕಟ್ಕೊಂಡು ಕೂತಿರುತ್ತೆ.

ದುಡ್ಡು ಹಾಕೋ ಮುಂಚೆ ಒಂದು ಸುಲಭದ ಟೆಸ್ಟ್ ಇದೆ. ಈಗಿರೋ ಕಾರ್ಡಲ್ಲೇ ನಿಮಗೆ ತಡವರಿಸ್ತಾ ಇರೋ ಗೇಮ್ ಓಪನ್ ಮಾಡಿ, ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ನೋಡ್ಕೊಳಿ, ಆಮೇಲೆ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ. ಎಫ್‌ಪಿಎಸ್ ಜಿಗಿದು ಮೇಲೆ ಹೋದ್ರೆ ಕಾರ್ಡ್ ಸಾಲ್ತಾ ಇರ್ಲಿಲ್ಲ, ಹೊಸದು ಹಾಕಿದ್ರೆ ಲಾಭ. ಇದ್ದಲ್ಲೇ ಇದ್ರೆ ತಡೀತಿರೋದು ಪ್ರೊಸೆಸರ್, ಎಂಥಾ ಕಾರ್ಡ್ ತಂದ್ರೂ ಅಲ್ಲೇ ನಿಲ್ಲುತ್ತೆ.

ಸ್ಲಾಟ್ ವಿಷಯದಲ್ಲಿ ಭಯ ಬೇಡ, ಹೊಸ ಪಿಸಿಐಇ ಕಾರ್ಡು ಹಳೇ ಸ್ಲಾಟಲ್ಲೂ ಓಡುತ್ತೆ. ಆದ್ರೆ ಕಡಿಮೆ ಬೆಲೆಯ ಕೆಲವು ಕಾರ್ಡ್‌ಗಳು 16 ಲೇನ್ (ಡೇಟಾ ಓಡಾಡೋ ದಾರಿ) ಬದ್ಲು ನಾಲ್ಕೇ ಲೇನ್ ಬಳಸ್ತವೆ, ರೇಡಿಯಾನ್ 6500 ಎಕ್ಸ್‌ಟಿ ಅಂಥದ್ದು, ಹಳೇ ಪಿಸಿಐಇ 3.0 ಸ್ಲಾಟಲ್ಲಿ ಅದು ಕುಂಟುತ್ತೆ. ಕಾರ್ಡ್ ಉದ್ದ ಎಷ್ಟು, ಕ್ಯಾಬಿನೆಟಲ್ಲಿ ಜಾಗ ಎಷ್ಟು ಅಂತ ಟೇಪ್ ಹಿಡಿದು ಅಳೀರಿ. ಹಾಕಿದ ಮೇಲೆ ಮಾನಿಟರ್ ಕೇಬಲ್‌ನ ಕಾರ್ಡಿಗೇ ಚುಚ್ಚಿ, ಮದರ್‌ಬೋರ್ಡಿಗಲ್ಲ. ನಗ್ಬೇಡಿ, ಇದು ದಿನಾ ಆಗೋದೇ.

ಪವರ್ ಸಪ್ಲೈ ಹಳೇದೇ ಇರ್ಲಿ ಬಿಡಿ, ಓಡ್ತಾ ಇದೆಯಲ್ಲ?

ಗ್ರಾಫಿಕ್ಸ್ ಕಾರ್ಡ್ ಮುಟ್ಟದೇ ಇದ್ರೆ ಇರ್ಲಿ. ಕಾರ್ಡ್ ಹಾಕ್ತೀರಾ ಅಂದ್ರೆ ಲೆಕ್ಕ ನೋಡಿ, ಸ್ಲಾಟ್‌ನಿಂದ 75 ವ್ಯಾಟ್, 6 ಪಿನ್ ಕೇಬಲ್‌ನಿಂದ 75, 8 ಪಿನ್ ಕೇಬಲ್‌ನಿಂದ 150 ವ್ಯಾಟ್ ಬರುತ್ತೆ, ಇದು ಸ್ಟ್ಯಾಂಡರ್ಡ್. ನಿಮ್ಮ ಸಪ್ಲೈನಲ್ಲಿ ಆ ಕೇಬಲ್ ಇಲ್ವೇ ಇಲ್ಲ ಅಂದ್ರೆ ಅದು ಅಂಥ ಕಾರ್ಡಿಗೆ ಮಾಡಿದ್ದೇ ಅಲ್ಲ ಅಂತ ಅರ್ಥ, ಕನ್ವರ್ಟರ್ ಹಾಕಿ ಆಟ ಆಡ್ಬೇಡಿ. ಹೆಸರೇ ಕೇಳಿರದ ಸಪ್ಲೈ ಮೇಲೆ 500 ವ್ಯಾಟ್ ಅಂತ ಸ್ಟಿಕ್ಕರ್ ಇದ್ರೆ ಪಕ್ಕದ ಟೇಬಲಲ್ಲಿ 12 ವೋಲ್ಟ್ ಲೈನಿಗೆ ಎಷ್ಟು ಆಂಪ್ ಅಂತ ನೋಡಿ 12ರಿಂದ ಗುಣಿಸಿ, ನಿಜ ಬಣ್ಣ ಅಲ್ಲೇ ಗೊತ್ತಾಗುತ್ತೆ.

ನನ್ನ ದಡ್ಡತನಾನೂ ಹೇಳ್ಬಿಡ್ತೀನಿ. ಮಾಡ್ಯುಲರ್ ಸಪ್ಲೈ (ಕೇಬಲ್ ಬಿಚ್ಚಿ ಹಾಕೋ ಥರದ್ದು) ಒಂದನ್ನ ಬದಲಾಯಿಸುವಾಗ, ಕ್ಯಾಬಿನೆಟ್ ಹಿಂದೆ ನೀಟಾಗಿ ಕಟ್ಟಿಟ್ಟಿದ್ದ ಕೇಬಲ್ ಬಿಚ್ಚೋಕೆ ಸೋಮಾರಿತನ, ಹಳೇ ಕೇಬಲ್‌ಗಳನ್ನೇ ಹೊಸ ಡಬ್ಬಕ್ಕೆ ಚುಚ್ಚಿದೆ. ಸರಿಯಾಗೇ ಕೂತ್ವು, ಕ್ಲಿಕ್ ಅಂತ ಸದ್ದೂ ಬಂತು. ಸ್ವಿಚ್ ಹಾಕ್ದೆ, ಒಂದು ಸಣ್ಣ ಚಟ್ ಅನ್ನೋ ಸದ್ದು, ಸುಟ್ಟ ಪ್ಲಾಸ್ಟಿಕ್ ವಾಸನೆ, ಎರಡು ಹಾರ್ಡ್ ಡಿಸ್ಕ್ ಅಲ್ಲಿಗೇ ಹೋದ್ವು. ಡ್ರೈವ್ ಕಡೆಯ ತುದಿ ಎಲ್ಲಾ ಸಪ್ಲೈಗೂ ಒಂದೇ, ಡಬ್ಬದ ಕಡೆಯ ಪಿನ್ ಜೋಡಣೆಗೆ ಸ್ಟ್ಯಾಂಡರ್ಡೇ ಇಲ್ಲ, ಒಂದೇ ಕಂಪನಿಯ ಎರಡು ಮಾಡೆಲಲ್ಲೂ ಬೇರೆ ಇರ್ಬೋದು. ಸಪ್ಲೈ ಬದಲಾದ್ರೆ ಕೇಬಲ್ ಪೂರ್ತಿ ಬದಲಾಗ್ಲೇಬೇಕು.

ಆಗಾಗ ತಾನೇ ಆಫ್ ಆಗುತ್ತೆ, ಟೈಮ್ ತಪ್ಪು ತೋರ್ಸುತ್ತೆ. ಕೊನೆಗಾಲ ಬಂತಾ?

ಟೈಮ್, ಡೇಟ್ ಮಾತ್ರ ತಪ್ಪಾಗ್ತಿದ್ರೆ ಬೋರ್ಡ್ ಮೇಲಿರೋ ಸಿಆರ್2032 ಬಟನ್ ಸೆಲ್ ಖಾಲಿ ಆಗಿದೆ, ಬದಲಾಯಿಸಿ, ಕೆಲಸ ಮುಗೀತು.

ಲೋಡ್ ಹಾಕಿದಾಗ ಆಫ್ ಆಗ್ತಿದ್ರೆ ಬಿಸಿ ಅಥವಾ ಪವರ್ ಸಪ್ಲೈ. ಸೈಡ್ ಪ್ಯಾನೆಲ್ ತೆಗೀರಿ. ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿದ್ರೆ ಅದ್ರ ಕೆಳಗೆ, ಹೀಟ್‌ಸಿಂಕ್‌ನ ಎಲೆಗಳ ಮಧ್ಯೆ, ಕಂಬಳಿ ಹೊದಿಸಿದ ಹಾಗೆ ಧೂಳು ಕೂತಿರುತ್ತೆ, ಮೇಲಿಂದ ನೋಡಿದ್ರೆ ಕಾಣ್ಸೋದೇ ಇಲ್ಲ. ಗಾಳಿ ಊದುವಾಗ ಫ್ಯಾನ್ ರೆಕ್ಕೆನ ಬೆರಳಲ್ಲಿ ಹಿಡ್ಕೊಳಿ, ಬಿಟ್ರೆ ಅದು ವಿಪರೀತ ಸ್ಪೀಡಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತೆ. ಥರ್ಮಲ್ ಪೇಸ್ಟ್ (ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ ಮಧ್ಯ ಹಚ್ಚೋದು) ಸುಣ್ಣದ ಹಾಗೆ ಒಣಗಿದ್ರೆ ಒರೆಸಿ ಹೊಸದು ಹಾಕಿ. ಕೆಲವು ಪಿಸಿಗಳ "ಸ್ಲೋ" ಕಾಯಿಲೆ ಇಷ್ಟಕ್ಕೇ ವಾಸಿಯಾಗುತ್ತೆ, ಯಾಕಂದ್ರೆ ಬಿಸಿ ಜಾಸ್ತಿ ಆದ್ರೆ ಪ್ರೊಸೆಸರ್ ತಾನೇ ಸ್ಪೀಡ್ ಇಳಿಸ್ಕೊಳುತ್ತೆ.

ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರ್ಬೇಕು. ಉಬ್ಬಿದ್ರೆ, ಕಂದು ಬಣ್ಣದ್ದೇನೋ ಸೋರಿದ್ರೆ, ಆ ಬೋರ್ಡಿಗೆ ಇನ್ನು ಒಂದು ಪೈಸೆನೂ ಹಾಕ್ಬೇಡಿ. ಹಾರ್ಡ್ ಡಿಸ್ಕ್ ಬಗ್ಗೆ ಡೌಟ್ ಇದ್ರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿ, ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರ್ಸಿದ್ರೆ ಇದನ್ನ ಓದೋದು ನಿಲ್ಸಿ ಮೊದ್ಲು ಫೋಟೋ ಎಲ್ಲಾ ಕಾಪಿ ಮಾಡ್ಕೊಳಿ.

ಕಂಪನಿ ಪಿಸಿ, ರೆಡಿಮೇಡ್ ಟವರ್. ಅದಕ್ಕೂ ಇದೇನಾ?

ಎಸ್‌ಎಸ್‌ಡಿ, ರ‍್ಯಾಮ್ ತನಕ ಇದೇ. ಅದಕ್ಕಿಂತ ಮುಂದೆ ಹೋದ್ರೆ ಗೋಳು. ಎಷ್ಟೋ ಬ್ರ್ಯಾಂಡೆಡ್ ಮಷಿನ್‌ಗಳಲ್ಲಿ ಪವರ್ ಸಪ್ಲೈ ಕನೆಕ್ಟರ್, ಬೋರ್ಡ್‌ನ ಆಕಾರ, ಮುಂದಿನ ಬಟನ್‌ನ ವೈರ್ ಎಲ್ಲಾ ಅವರದ್ದೇ ಸ್ವಂತ ಡಿಸೈನು, ಮಾರ್ಕೆಟ್‌ನ ಮಾಮೂಲಿ ಪಾರ್ಟ್ ಕೂರಲ್ಲ. ಸ್ಲಿಮ್ ಕ್ಯಾಬಿನೆಟ್ ಆದ್ರೆ ಅರ್ಧ ಎತ್ತರದ ಕಾರ್ಡ್‌ಗಳು ಮಾತ್ರ ಹಿಡಿಸ್ತವೆ.

ಹಂಗಾದ್ರೆ ಎಲ್ಲಿ ನಿಲ್ಲಿಸ್ಬೇಕು? ಒಂದು ಗೆರೆ ಹೇಳಿ.

ನನ್ನ ಗೆರೆ ಮದರ್‌ಬೋರ್ಡ್. ಬೋರ್ಡ್ ಮುಟ್ಟದೇ ಆಗೋದೆಲ್ಲಾ ಅಪ್‌ಗ್ರೇಡ್, ಮಾಡಿ. ಬೋರ್ಡ್ ಬದಲಾಯಿಸ್ಲೇಬೇಕು ಅಂದ್ರೆ ಪ್ರೊಸೆಸರ್ ಬದಲಾಗುತ್ತೆ, ಡಿಡಿಆರ್3 ಇದ್ರೆ ರ‍್ಯಾಮ್ ಕೂಡ ಬದಲಾಗುತ್ತೆ, ಎಎಂಡಿಯ ಹೊಸ ಸಾಕೆಟ್ ಎಎಂ5ಗೆ ಹೋದ್ರೆ ಡಿಡಿಆರ್5 ಬಿಟ್ಟು ಬೇರೆ ದಾರಿನೇ ಇಲ್ಲ, ಕೂಲರ್ ಕೂರುತ್ತೋ ಇಲ್ವೋ ಅನ್ನೋದು ಬೇರೆ. ಅಲ್ಲಿಗೆ ನೀವು ಹೊಸ ಕಂಪ್ಯೂಟರೇ ತಗೊಂಡ ಹಾಗೆ, ಹಳೇ ಡಬ್ಬದಲ್ಲಿ ಇಟ್ಟಿದೀರಾ ಅಷ್ಟೇ. ಅದು ತಪ್ಪು ಅಂತಲ್ಲ, ಕ್ಯಾಬಿನೆಟ್, ಎಸ್‌ಎಸ್‌ಡಿ, ಮಾನಿಟರ್, ಒಳ್ಳೇ ಪವರ್ ಸಪ್ಲೈ ಇದ್ರೆ ಅದು ಉಳಿಯುತ್ತೆ. ಆದ್ರೆ "ಸ್ವಲ್ಪ ಅಪ್‌ಗ್ರೇಡ್" ಅಂತ ಮನಸ್ಸಿಗೆ ಸಮಾಧಾನ ಹೇಳ್ಕೊಂಡು ಈ ತಿಂಗಳು ಡಿಡಿಆರ್3 ರ‍್ಯಾಮ್, ಮುಂದಿನ ತಿಂಗಳು ಹಳೇ ಐ7, ಆಮೇಲೆ ಕೂಲರ್ ಅಂತ ಕಂತಲ್ಲಿ ದುಡ್ಡು ಸುರಿಯೋದಿದೆಯಲ್ಲ, ಅದು ಬೇಡ. ಒಟ್ಟು ಖರ್ಚು ಅದೇ ಕೆಲಸ ಮಾಡೋ ಹೊಸ ಮಷಿನ್‌ನ ಅರ್ಧ ಬೆಲೆ ದಾಟ್ತಾ ಇದೆ ಅಂದ್ರೆ ನಾನು ನಿಲ್ಲಿಸ್ತೀನಿ.

ಆಫೀಸ್‌ಗಳು ಬಿಟ್ಟ ಸೆಕೆಂಡ್ ಹ್ಯಾಂಡ್ ಪಿಸಿ ತಗೋಬೋದಾ?

ಮನೆ ಕೆಲಸಕ್ಕೆ ಚೆನ್ನಾಗಿರುತ್ತೆ. 8ನೇ ಜನರೇಷನ್‌ಗಿಂತ ಕೆಳಗಿಂದು ಮುಟ್ಬೇಡಿ, "ಐ7" ಅಂತ ಮಾತ್ರ ಹೇಳಿದ್ರೆ ಪೂರ್ತಿ ನಂಬರ್ ಕೇಳಿ. ಐ7 ಅಂದ್ರೆ 2600 (2ನೇ ಜನರೇಷನ್) ಕೂಡ ಐ7ಏ, 8700 (8ನೇದು) ಕೂಡ ಐ7ಏ.

ಮುಂದಿನ ಜನರೇಷನ್ ಬರೋ ತನಕ ಕಾಯ್ಲಾ?

ಈಗ ಕೆಲಸ ನಡೀತಿದ್ರೆ ಕಾಯಿರಿ, ನಡೀತಿಲ್ಲ ಅಂದ್ರೆ ತಗೊಳಿ.

ಬೋರ್ಡ್ ಬದಲಾಯಿಸಿದ್ರೆ ವಿಂಡೋಸ್ ಲೈಸೆನ್ಸ್ ಹೋಗುತ್ತಾ?

ಪಿಸಿ ಜೊತೆಗೇ ಬಂದ ಓಇಎಂ ಲೈಸೆನ್ಸ್ ಆ ಬೋರ್ಡಿಗೇ ಕಟ್ಟಿರೋದು, ಸಾಮಾನ್ಯವಾಗಿ ಅದ್ರ ಜೊತೆಗೇ ಹೋಗುತ್ತೆ. ಬಿಡಿಯಾಗಿ ಕೊಂಡ ರಿಟೇಲ್ ಆದ್ರೆ ವರ್ಗಾಯಿಸ್ಬೋದು. ಬಿಚ್ಚೋ ಮುಂಚೆನೇ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಿಂಕ್ ಮಾಡಿಟ್ರೆ ಆಮೇಲೆ ಆಕ್ಟಿವೇಷನ್ ಟ್ರಬಲ್‌ಶೂಟರಲ್ಲಿ ಹಾರ್ಡ್‌ವೇರ್ ಬದಲಾಯ್ಸಿದೀನಿ ಅಂತ ಹೇಳೋಕೆ ಸುಲಭ.

ಹೊಸದು ತಗೊಂಡೆ. ಹಳೇದನ್ನ ಏನ್ ಮಾಡ್ಲಿ?

ಓಡ್ತಾ ಇದ್ರೆ ಒಂದೆರಡು ತಿಂಗಳು ಹಂಗೇ ಇಟ್ಕೊಳಿ, ಯಾವ್ದೋ ಫೋಲ್ಡರ್ ಕಾಪಿ ಮಾಡಿಲ್ಲ ಅಂತ ಮೂರನೇ ವಾರ ನೆನಪಾಗುತ್ತೆ. ಆಮೇಲೆ ಲಿನಕ್ಸ್ ಹಾಕಿ ಮನೆಯ ಬ್ಯಾಕಪ್ ಮಷಿನ್ ಮಾಡ್ಬೋದು, ಇಪ್ಪತ್ನಾಲ್ಕು ಗಂಟೆ ಆನ್ ಇಟ್ರೆ ಹಳೇ ಮಷಿನ್ ಕರೆಂಟ್ ಚೆನ್ನಾಗೇ ಕುಡಿಯುತ್ತೆ ಅನ್ನೋದೂ ನೆನಪಿರ್ಲಿ. ಯಾರಿಗಾದ್ರೂ ಕೊಡೋದಾದ್ರೆ ಬರೀ ಡಿಲೀಟ್ ಮಾಡಿ ಕೊಡ್ಬೇಡಿ, ಕ್ವಿಕ್ ಫಾರ್ಮ್ಯಾಟ್ ಕೂಡ ಸಾಲಲ್ಲ, ರಿಕವರಿ ಸಾಫ್ಟ್‌ವೇರಿಗೆ ಅದೆಲ್ಲಾ ಲೆಕ್ಕಕ್ಕಿಲ್ಲ. ಹಾರ್ಡ್ ಡಿಸ್ಕ್ ಆದ್ರೆ ಪೂರ್ತಿ ಒಂದ್ಸಲ ಮೇಲಿಂದ ಬರೆಸಿ, ಎಸ್‌ಎಸ್‌ಡಿ ಆದ್ರೆ ಅದ್ರ ಕಂಪನಿಯ ಟೂಲಲ್ಲಿ ಸೆಕ್ಯೂರ್ ಇರೇಸ್ ಕೊಡಿ. ಮತ್ತೆ ಡಿವಿಡಿ ಡ್ರೈವ್ ಒಳಗೆ ಏನಾದ್ರೂ ಡಿಸ್ಕ್ ಇದ್ಯಾ ಅಂತ ಒಂದ್ಸಲ ತೆಗೆದು ನೋಡಿ. ನಂದೊಂದು ಫ್ಯಾಮಿಲಿ ವಿಡಿಯೋ ಹಂಗೇ ಹೋಯ್ತು.